ಉಬ್ಬೋ ತಗ್ಗೋ?

ಸಂತೆಯಲ್ಲಿ ಮಡಕೆ ಕೊಳ್ಳುವಾಗ ತಟ್ಟಿ ನೋಡುತ್ತೇವೆ. ಠಣ್ ಅಂದರೆ ಗಟ್ಟಿ. ವಿಮಾನದ ಹಲಗೆಗಳನ್ನೂ ಹೀಗೆ ತಟ್ಟಿ ಪರೀಕ್ಷಿಸುವುದುಂಟು. ಆದರೆ ಜೇನುಗೂಡಿನಂಥ ತಿರುಳಿಗೆ ಅಂಟಿಸಿದ ತೆಳು ಹೊದಿಕೆ ಎಲ್ಲೆಲ್ಲಿ ಬಿಟ್ಟುಕೊಂಡಿದೆ ಎಂದು ಒಂದೇ ನೋಟಕ್ಕೆ ಗೊತ್ತಾಗಬೇಕೆಂದರೆ ಲೇಸರ್ ವಾಸಿ.

ಹಲಗೆಯನ್ನು ದೀಪದಿಂದ ಸ್ವಲ್ಪ ಬಿಸಿ ಮಾಡುತ್ತಾರೆ. ಅಂಟು ಬಿಟ್ಟ ಜಾಗ ಮಿಕ್ಕ ಕಡೆಗಿಂತ ಜಾಸ್ತಿ ಉಬ್ಬುತ್ತದೆ. ಬಿಸಿಗೆ ಮೊದಲಿನ ಮತ್ತು ನಂತರದ ಲೇಸರ್ ಚಿತ್ರಗಳನ್ನು ಹೋಲಿಸಿದರೆ ಅಲ್ಲಿ ಬಳೆ ಬಳೆಯಾಗಿ ಪಟ್ಟಿಗಳು ಕಾಣುತ್ತವೆ. ಕೆಂಪು ಹೀಲಿಯಂ-ನಿಯಾನ್ ಲೇಸರ್‌ನ ತರಂಗಾಂತರ 632.8 ನ್ಯಾನೋಮೀಟರ್. ಬೆಳಕು ಹೋಗಿ ವಾಪಸ್ ಬರುವುದರಿಂದ, ಒಂದು ಪಟ್ಟಿಯಿಂದ ಮುಂದಿನದಕ್ಕೆ ಮೇಲ್ಮೈ ಸರಿದಿರುವುದು ಅದರ ಅರ್ಧದಷ್ಟು.

ನೋಡಲು ಚೆಂದ. ಆದರೆ ಅದು ಉಬ್ಬೋ ತಗ್ಗೋ? ಪಟ್ಟಿ ಬಾಯಿ ಬಿಡುವುದಿಲ್ಲ. ಕ್ಯಾಮೆರಾಗೆ ಗೊತ್ತಾಗುವುದು ಬೆಳಕು ಎಷ್ಟಿದೆ ಎಂಬುದು ಮಾತ್ರ. ಅಲೆ ಏರುತ್ತಿತ್ತೋ ಇಳಿಯುತ್ತಿತ್ತೋ ಎಂಬುದು, ಅಂದರೆ ಅದರ ಫೇಸ್, ಕಳೆದುಹೋಗಿರುತ್ತದೆ.

ಅದನ್ನು ಮರಳಿ ಪಡೆಯುವ ಉಪಾಯ ನನಗಂತೂ ಬಹಳ ಇಷ್ಟ. ಲೇಸರ್ ಬೆಳಕಿನ ಒಂದು ಪಾಲು ಹಲಗೆಗೆ ಹೋಗದೆ, ಕನ್ನಡಿಗೆ ಬಡಿದು ಕ್ಯಾಮೆರಾಗೆ ಬಂದು ಹಲಗೆಯಿಂದ ಬಂದ ಬೆಳಕಿನೊಂದಿಗೆ ಬೆರೆಯುತ್ತದೆ. ಅದೇ ಹೋಲಿಕೆಯ ಕಿರಣ. ಅದರ ಕನ್ನಡಿಯನ್ನು ತರಂಗಾಂತರದ ಎಂಟನೇ ಒಂದು ಭಾಗ, ಸುಮಾರು 79 ನ್ಯಾನೋಮೀಟರ್, ಸರಿಸಿ ಸರಿಸಿ ನಾಲ್ಕು ಫೋಟೋ ತೆಗೆಯುತ್ತಾರೆ. ಪ್ರತಿ ಸಲವೂ ಫೇಸ್ 90 ಡಿಗ್ರಿ ಮುಂದಕ್ಕೆ. ನಾಲ್ಕನೆಯದರಲ್ಲಿ ಎರಡನೆಯದನ್ನು ಕಳೆದು, ಒಂದನೆಯದರಲ್ಲಿ ಮೂರನೆಯದನ್ನು ಕಳೆದು, ಮೊದಲ ಉತ್ತರವನ್ನು ಎರಡನೆಯದರಿಂದ ಭಾಗಿಸಿದರೆ ಫೇಸ್‌ನ ಟ್ಯಾಂಜೆಂಟ್ ಸಿಗುತ್ತದೆ. ಕಳೆಯುವಾಗ ಹಿನ್ನೆಲೆ ಬೆಳಕು ಹೋಯಿತು, ಭಾಗಿಸುವಾಗ ಹಲಗೆಯ ಮೇಲಿನ ಕಲೆ, ಬಣ್ಣಗಳ ಕಾಟವೂ ಹೋಯಿತು. ಬಿಸಿಗೆ ಮೊದಲು ನಾಲ್ಕು, ಆಮೇಲೆ ನಾಲ್ಕು. ಎರಡೂ ಫೇಸ್‌ಗಳ ವ್ಯತ್ಯಾಸವೇ ನಮಗೆ ಬೇಕಾದ್ದು.

ಇಷ್ಟಾದರೂ ಉತ್ತರ ಗಡಿಯಾರದ ಮುಳ್ಳಿನಂತೆ ಒಂದು ಸುತ್ತಿನೊಳಗೇ ಇರುತ್ತದೆ. ಗಂಟೆ ಗೊತ್ತು, ದಿನ ಗೊತ್ತಿಲ್ಲ. ಪಕ್ಕಪಕ್ಕದ ಚುಕ್ಕೆಗಳ ನಡುವೆ ಅರ್ಧ ಸುತ್ತಿಗಿಂತ ಹೆಚ್ಚು ಜಿಗಿತ ಕಂಡರೆ ಒಂದು ಇಡೀ ಸುತ್ತು ಕೂಡಿಸಬೇಕು, ಇಲ್ಲವೇ ಕಳೆಯಬೇಕು. ಲೇಸರ್ ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಾಳುಕಾಳು ಬೇರೆ. ಅದನ್ನು ನಯ ಮಾಡಲು ಸುಮ್ನೆ ಸರಾಸರಿ ತೆಗೆದರೆ 359 ಡಿಗ್ರಿ, 1 ಡಿಗ್ರಿ ಸೇರಿ 180 ಆಗಿಬಿಡುತ್ತದೆ! ಆದ್ದರಿಂದ ಕೋನದ ಸೈನ್, ಕೊಸೈನ್‌ಗಳನ್ನು ಬೇರೆಬೇರೆಯಾಗಿ ನಯ ಮಾಡಿ, ಆಮೇಲೆ ಕೋನಕ್ಕೆ ಮರಳುತ್ತಾರೆ.

ನಾಲ್ಕು ಫೋಟೋ ಮುಗಿಯುವಷ್ಟರಲ್ಲಿ ಹೊರಗೆ ಲಾರಿ ಹೋಗಿ ನೆಲ ಅದುರಿದರೂ ಲೆಕ್ಕ ಕೆಡಬಹುದು. ಅದಕ್ಕೇ ಪ್ರಯೋಗಾಲಯದ ಮೇಜು ಗಾಳಿಯ ಮೇಲೆ ತೇಲುತ್ತದೆ. ವಿಮಾನದ ಶೆಡ್‌ನಲ್ಲಿ ಅಂಥ ಮೇಜು ಎಲ್ಲಿಂದ ತರುವುದು? ಅಲ್ಲಿ ಶಿಯರೋಗ್ರಫಿ ಬಳಸುತ್ತಾರೆ. ಹಲಗೆಯ ಒಂದು ಚುಕ್ಕೆಯನ್ನು ಪಕ್ಕದ ಚುಕ್ಕೆಯೊಂದಿಗೇ ಹೋಲಿಸುವ ವಿಧಾನ ಅದು. ಅದುರಿದರೆ ಎರಡೂ ಒಟ್ಟಿಗೇ ಅದುರುತ್ತವೆ.