ಕಡಲಿಲ್ಲದ ದೇಶಕ್ಕೆ ದಾರಿ ಬಿಡೋರು ಯಾರು?

ತೊಗರಿ ರಾಶಿ ಮುಗಿಯುವ ಹೊತ್ತಿಗೆ ಕಲಬುರಗಿ ಕಡೆಯ ಹಳ್ಳಿಗಳಲ್ಲಿ ಬಂಡಿ ದಾರಿಯ ತಕರಾರು ಶುರುವಾಗುತ್ತದೆ. ಹೊಲ ನಮ್ಮದು, ಬೆಳೆ ನಮ್ಮದು. ಆದರೆ ಚೀಲ ರಸ್ತೆಗೆ ಬರಬೇಕಾದರೆ ಪಕ್ಕದವರ ಹೊಲ ದಾಟಬೇಕು. ಅವರು ಅಡ್ಡ ಮುಳ್ಳು ಹಾಕಿದರೆ ತಹಸೀಲ್ದಾರ್ ಕಚೇರಿಗೆ ಅಲೆಯಬೇಕು. ಸಮುದ್ರ ತೀರವಿಲ್ಲದ 44 ದೇಶಗಳ ಪಾಡೂ ಹೀಗೇ. ಅವಕ್ಕೆ ತಹಸೀಲ್ದಾರರೂ ಇಲ್ಲ.

ನಮ್ಮ ಭಾಗಕ್ಕೆ ಇದು ಹೊಸ ಮಾತಲ್ಲ. ಕಲಬುರಗಿ, ಬೀದರ್, ಯಾದಗಿರಿ ಎಲ್ಲ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನಿಜಾಮರು ಎಷ್ಟೇ ಶ್ರೀಮಂತರಾದರೂ ಅವರಿಗೆ ಸ್ವಂತದ್ದೊಂದು ಬಂದರು ಇರಲಿಲ್ಲ. 1802ರಲ್ಲಿ ಬ್ರಿಟಿಷರ ಜೊತೆಗಿನ ವ್ಯಾಪಾರ ಒಪ್ಪಂದದಲ್ಲಿ ಮಚಲಿಪಟ್ಟಣದ ಬಂದರು ಬಳಸಲು ಅವಕಾಶ ಸಿಕ್ಕಿತ್ತು. ಆಮೇಲೆ ರೈಲು ಬಂತು. ಮುಂಬೈ-ರಾಯಚೂರು ಮಾರ್ಗ ವಾಡಿಯ ಮೇಲೆ ಹಾದುಹೋಗುತ್ತಿತ್ತಲ್ಲ, 1874ರಲ್ಲಿ ಸಿಕಂದರಾಬಾದಿನಿಂದ ಅಲ್ಲಿಗೇ ನಿಜಾಮರ ಹಳಿ ತಂದು ಜೋಡಿಸಿದರು. ರಾಜಧಾನಿಯಿಂದ ಮುಂಬೈ ಬಂದರಿಗೆ ದಾರಿ ಅಂದರೆ ನಮ್ಮ ವಾಡಿ ಜಂಕ್ಷನ್.

1947ರ ನಂತರ, ಭಾರತಕ್ಕೆ ಸೇರದೆ ಉಳಿದ ಹೈದರಾಬಾದಿಗೆ ಭಾರತ ಸರಕು ಸಾಗಣೆಯನ್ನು ಬಿಗಿ ಮಾಡಿದಾಗ ಈ ದಾರಿ ಎಷ್ಟು ಪರಾಧೀನ ಅನ್ನೋದು ಗೊತ್ತಾಯಿತು. ಪೋರ್ಚುಗೀಸರ ಮರ್ಮಗೋವಾ ಬಂದರಿಗಾಗಿ ನಿಜಾಮರ ಕಡೆಯವರು ಮಾತಾಡಿ ನೋಡಿದ್ದರು, ಕೈಗೂಡಲಿಲ್ಲ. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ಪೈಲಟ್ ಕರಾಚಿಯಿಂದ ಕದ್ದುಮುಚ್ಚಿ ವಿಮಾನದಲ್ಲಿ ಬಂದೂಕು ತಂದುಕೊಟ್ಟ. 1948ರ ಆಗಸ್ಟ್‌ನಲ್ಲಿ ಭಾರತದ ಮೇಲೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಹೈದರಾಬಾದಿನ ದೂರೂ ಹೋಯಿತು. ಸೆಪ್ಟೆಂಬರ್ 17ಕ್ಕೆ ನಿಜಾಮರ ಸೇನೆ ಶರಣಾಯಿತು. ನಿಜಾಮರ ಪರ ನಿಂತ ಖಾಸಗಿ ಪಡೆ ರಜಾಕಾರರ ಹಾವಳಿ ಕಂಡ ನಮ್ಮ ಹಿರಿಯರು ಇದಕ್ಕೆ ಕಣ್ಣೀರು ಹಾಕಲಿಲ್ಲ, ಆ ಮಾತು ಬೇರೆ.

ಕಾನೂನು ಏನನ್ನುತ್ತದೆ? ಕಡಲಿಲ್ಲದ ದೇಶವೂ ತನ್ನ ಬಾವುಟದ ಹಡಗು ಇಟ್ಟುಕೊಳ್ಳಬಹುದು ಎಂದು 1921ರಲ್ಲೇ ಬಾರ್ಸಿಲೋನಾದಲ್ಲಿ ಒಪ್ಪಿದ್ದರು. ಸ್ವಿಟ್ಜರ್ಲೆಂಡಿನ ಸರಕು ಹಡಗುಗಳು ಸಮುದ್ರದ ಮೇಲೆ ಓಡಾಡೋದು ಹಾಗೆ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಇನ್ನೂ ಮುಂದೆ ಹೋಯಿತು. ಸಮುದ್ರಕ್ಕೆ ಹೋಗಿ ಬರುವ ಹಕ್ಕಿದೆ, ನಡುವಿನ ದೇಶ ದಾಟುವ ಸ್ವಾತಂತ್ರ್ಯವಿದೆ, ದಾಟುವ ಸರಕಿಗೆ ಸುಂಕ ಹಾಕುವಂತಿಲ್ಲ. ಕ್ರೇನು, ಗೋದಾಮಿನಂಥ ಸೇವೆಗೆ ಬಾಡಿಗೆ ಕೇಳಬಹುದು ಅಷ್ಟೇ. ಸಾಗಣೆ ಅಂದರೆ ಏನೇನು ಅಂತಲೂ ಬರೆದಿದ್ದಾರೆ: ರೈಲು, ದೋಣಿ, ಲಾರಿ, ಬೇಕಾದ ಕಡೆ ಹಮಾಲರು ಮತ್ತು ಹೇರು ಹೊರುವ ಪ್ರಾಣಿಗಳೂ ಸೇರಿ! ಆದರೆ ಪೈಪ್‌ಲೈನ್ ಇದರಲ್ಲಿಲ್ಲ. ಅದಕ್ಕೆ ಬೇರೆ ಒಪ್ಪಂದ ಬೇಕು.

ಅಸಲಿ ತೊಡಕು ಇದೇ ಸಮುದ್ರ ಕಾನೂನಿನ 125ನೇ ವಿಧಿಯಲ್ಲಿದೆ. ಹಕ್ಕು ಕೊಟ್ಟ ಮರುಸಾಲಿನಲ್ಲೇ, ಯಾವ ದಾರಿ, ಯಾವ ಷರತ್ತು ಅನ್ನೋದನ್ನು ಆ ಎರಡು ದೇಶಗಳೇ ಕೂತು ತೀರ್ಮಾನಿಸಬೇಕು ಎನ್ನುತ್ತದೆ. ಹಕ್ಕು ಕಾನೂನಿನದು, ಕೀಲಿ ಪಕ್ಕದವರ ಕೈಯಲ್ಲಿ. ನನಗಂತೂ ಇದು ಅರ್ಧ ಹಕ್ಕು ಅನ್ನಿಸುತ್ತದೆ.

ನೇಪಾಳವನ್ನೇ ನೋಡಿ. 1989ರಲ್ಲಿ ಭಾರತದ ಜೊತೆಗಿನ ವ್ಯಾಪಾರ, ಸಾಗಣೆ ಒಪ್ಪಂದದ ಅವಧಿ ಮುಗಿದಾಗ ಭಾರತ ಎರಡು ಬಿಟ್ಟು ಉಳಿದೆಲ್ಲ ಗಡಿ ದಾರಿ ಮುಚ್ಚಿತು. 2015ರಲ್ಲಿ ಗಡಿ ಮತ್ತೆ ಬಂದ್ ಆಗಿ ಕಠ್ಮಂಡುವಿನಲ್ಲಿ ಪೆಟ್ರೋಲ್, ಗ್ಯಾಸ್ ಸಿಗಲಿಲ್ಲ. ತಡೆದಿದ್ದು ನಾವಲ್ಲ, ಅಲ್ಲಿನ ಪ್ರತಿಭಟನೆಕಾರರು ಅಂತ ಭಾರತ ಹೇಳಿತು. ಮರುವರ್ಷವೇ ನೇಪಾಳ ಚೀನಾದ ಜೊತೆ ಸಾಗಣೆ ಒಪ್ಪಂದಕ್ಕೆ ಸಹಿ ಹಾಕಿತು. 2019ರ ಹೊತ್ತಿಗೆ ತಿಯಾಂಜಿನ್ ಸೇರಿ ಚೀನಾದ ನಾಲ್ಕು ಬಂದರುಗಳ ಬಳಕೆಗೂ ದಾರಿಯಾಯಿತು. ಕಾಗದದ ಮೇಲೆ ಸರಿ. ಆದರೆ ತಿಯಾಂಜಿನ್ 3,000 ಕಿಲೋಮೀಟರಿಗೂ ದೂರ, ನಡುವೆ ಹಿಮಾಲಯ ಬೇರೆ. ನೇಪಾಳದ ಕಂಟೇನರುಗಳು ಈಗಲೂ ಹೆಚ್ಚಾಗಿ ಬರೋದು ಕೋಲ್ಕತ್ತಾ, ವಿಶಾಖಪಟ್ಟಣದಿಂದಲೇ.