ಜಲಾನಯನ ಅಂದರೆ ಯಾವ ನೆಲ?

ಅಕ್ಕನ ಮಗ ಒಂಬತ್ತನೇ ಕ್ಲಾಸು. ಕಳೆದ ತಿಂಗಳು ಕೋಲಾರದ ಪಕ್ಕದ ನಮ್ಮೂರಿಗೆ ಹೋಗಿದ್ದಾಗ, ಸಮಾಜ ವಿಜ್ಞಾನದ ಪುಸ್ತಕ ತೊಡೆ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದ. "ಮಾಮ, ಜಲಾನಯನ ಅಂದ್ರೆ ನೀರಿನ ಕಣ್ಣಾ?" ಅಂದ. ನಗು ಬಂತು. ಆದರೆ ತಪ್ಪು ಅವನದಲ್ಲ. ಜಲ ಅಂದರೆ ನೀರು, ನಯನ ಅಂದರೆ ಕಣ್ಣು, ಇನ್ನೇನು ಅಂದುಕೊಳ್ಳಬೇಕು ಪಾಪ. ಅವನ ವಯಸ್ಸಿನಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಕೇಳೋ ಧೈರ್ಯ ಇರಲಿಲ್ಲ ಅಷ್ಟೆ.

ಪದ ಒಡೆಯಬೇಕಾದ ಜಾಗ ಬೇರೆ. ಜಲ, ಆನಯನ. ಎರಡೂ ಸೇರಿ ಸವರ್ಣದೀರ್ಘ ಸಂಧಿ. ಆನಯನ ಅಂದರೆ ತರುವುದು. ಉಪನಯನದಲ್ಲಿ ಹುಡುಗನನ್ನು ಗುರುವಿನ ಹತ್ತಿರಕ್ಕೆ ಕರೆದುಕೊಂಡು ಹೋಗುತ್ತಾರಲ್ಲ, ಅದೇ ಧಾತು. ಹಾಗಾಗಿ ಮಳೆನೀರನ್ನೆಲ್ಲ ಒಂದು ಕಡೆಗೆ ತಂದು ಸೇರಿಸುವ ನೆಲ ಯಾವುದೋ, ಅದು ಜಲಾನಯನ ಪ್ರದೇಶ. ಒಂದು ನದಿಗೆ, ಅದರ ಉಪನದಿಗಳಿಗೆ ನೀರು ಒದಗಿಸುವಷ್ಟೂ ನೆಲ ಆ ನದಿಯ ಜಲಾನಯನ.

ಇಷ್ಟು ಹೇಳಿದ ಮೇಲೂ ಅವನ ಮುಖ ಹಾಗೇ ಇತ್ತು. ಅಕ್ಕನದು ಹಳೇ ಹೆಂಚಿನ ಮನೆ. ಅವನನ್ನು ಬೀದಿಗೆ ಕರೆದುಕೊಂಡು ಹೋಗಿ ಮಾಡಿನ ನೆತ್ತಿ ತೋರಿಸಿದೆ. ಮಳೆ ಬಂದಾಗ ನೆತ್ತಿಯ ಈಚೆ ಬಿದ್ದ ಹನಿ ಬೀದಿಯ ಚರಂಡಿಗೆ ಇಳಿಯುತ್ತದೆ. ಆಚೆ ಬಿದ್ದ ಹನಿ ಹಿತ್ತಿಲಿನ ತೆಂಗಿನ ಪಾತಿಗೆ. ಬೀಳುವಾಗ ಎರಡರ ಮಧ್ಯೆ ಒಂದು ಗೇಣೂ ಅಂತರ ಇರುವುದಿಲ್ಲ. ಬಿದ್ದ ಮೇಲೆ ಒಂದಕ್ಕೊಂದು ಮತ್ತೆ ಸಿಗುವುದಿಲ್ಲ. ಈ ಕಡೆಯ ಹೆಂಚೆಲ್ಲ ಚರಂಡಿಯ ಜಲಾನಯನ, ಆ ಕಡೆಯ ಹೆಂಚೆಲ್ಲ ತೆಂಗಿನ ಮರದ ಜಲಾನಯನ. ನೆತ್ತಿಯ ಗೆರೆಗೆ ಪುಸ್ತಕದಲ್ಲಿ ಜಲವಿಭಾಜಕ ಅಂತ ಹೆಸರು. ಹೊಲದಲ್ಲಾದರೆ ನಾವು ಸುಮ್ನೆ ದಿನ್ನೆ ಅನ್ನುತ್ತೇವೆ. ಇಂಗ್ಲಿಷಿನ ವಾಟರ್‌ಶೆಡ್ ಅನ್ನೋ ಪದವನ್ನು ಕೆಲವರು ಈ ಗೆರೆಗೆ ಬಳಸುತ್ತಾರೆ, ಕೆಲವರು ಇಡೀ ನೆಲಕ್ಕೆ ಬಳಸುತ್ತಾರೆ. ಕನ್ನಡದಲ್ಲಿ ಎರಡಕ್ಕೂ ಬೇರೆ ಬೇರೆ ಪದ ಇರುವುದರಿಂದ ಆ ಗೊಂದಲ ಇಲ್ಲ.

ಇನ್ನೊಂದು ಗೊಂದಲ ಮಾತ್ರ ಇದೆ, ಪರೀಕ್ಷೆಯಲ್ಲಿ ಮಕ್ಕಳು ಎಡವುವುದೂ ಅಲ್ಲೇ. ನದಿಪಾತ್ರ ಅಂದರೆ ನದಿ ಹರಿಯುವ ತಗ್ಗು ಮಾತ್ರ. ಅಚ್ಚುಕಟ್ಟು ಅಂದರೆ ಕೆರೆಯ ಏರಿಯ ಕೆಳಗೆ, ತೂಬಿನಿಂದ ನೀರು ಹರಿದು ಬೆಳೆ ಬೆಳೆಯುವ ಗದ್ದೆ. ಜಲಾನಯನ ಇರುವುದು ಕೆರೆಯ ಮೇಲ್ಗಡೆ. ಅಚ್ಚುಕಟ್ಟು ನೀರು ಪಡೆಯುವ ನೆಲ, ಜಲಾನಯನ ನೀರು ಕೊಡುವ ನೆಲ. ಅಚ್ಚುಕಟ್ಟಿನ ಜಮೀನಿಗೆ ಬೆಲೆ ಜಾಸ್ತಿ, ಅದರ ಬಗ್ಗೆ ಜಗಳವೂ ಜಾಸ್ತಿ. ಮೇಲಿನ ಕಲ್ಲುಗುಡ್ಡವನ್ನು, ಗೋಮಾಳವನ್ನು ಯಾರೂ ನೀರಿನ ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ.

ಈ ಪದ ಕಲಿಯೋಕೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಈ ನಮ್ಮ ಮೂರು ಜಿಲ್ಲೆಗಿಂತ ಒಳ್ಳೆ ಜಾಗ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಚಿಕ್ಕಬಳ್ಳಾಪುರದ ನಂದಿಬೆಟ್ಟ 1,478 ಮೀಟರ್ ಎತ್ತರ. ಪ್ರವಾಸಿಗರಿಗೆ ಅದು ಸೂರ್ಯೋದಯದ ಜಾಗ. ಭೂಗೋಳಕ್ಕೆ ಅದು ದೊಡ್ಡದೊಂದು ಹೆಂಚಿನ ಮಾಡು. ಈ ಬೆಟ್ಟಸಾಲಿನ ಒಂದು ಮಗ್ಗುಲಿನ ನೀರು ಅರ್ಕಾವತಿಯಾಗಿ ಹೋಗಿ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಇನ್ನೊಂದು ಮಗ್ಗುಲಿನದು ಉತ್ತರ ಪಿನಾಕಿನಿ. ಗೌರಿಬಿದನೂರು ದಾಟಿ ಆಂಧ್ರಕ್ಕೆ ಹೋಗಿ, ನೆಲ್ಲೂರಿನ ಹತ್ತಿರ ಸಮುದ್ರ ಸೇರುತ್ತದೆ. ಬಾಗೇಪಲ್ಲಿ ಕಡೆಯ ಚಿತ್ರಾವತಿ, ಅದರ ಜೊತೆಗೆ ಪಾಪಾಗ್ನಿ, ಎರಡೂ ಕೊನೆಗೆ ಇದೇ ಉತ್ತರ ಪಿನಾಕಿನಿಗೇ ಬೀಳುತ್ತವೆ. ದಕ್ಷಿಣ ಪಿನಾಕಿನಿ ಹೊಸಕೋಟೆ ಮೇಲೆ ತಮಿಳುನಾಡಿಗೆ ಇಳಿದು ಕಡಲೂರಿನಲ್ಲಿ ಮುಗಿಯುತ್ತದೆ. ಚಿಂತಾಮಣಿ ಸೀಮೆಯಲ್ಲಿ ಹುಟ್ಟುವ ಪಾಲಾರ್ ಕೋಲಾರ, ಬೇತಮಂಗಲ ಬಳಸಿ ಚೆನ್ನೈಗಿಂತ ಕೆಳಗೆ ಸಮುದ್ರಕ್ಕೆ ಸೇರುತ್ತದೆ. ಒಂದೇ ಮೋಡ ಸುರಿಸಿದ ಮಳೆ, ದಿನ್ನೆಯ ಯಾವ ಮಗ್ಗುಲಿಗೆ ಬಿತ್ತು ಅನ್ನುವುದರ ಮೇಲೆ ನೂರಾರು ಕಿಲೋಮೀಟರ್ ದೂರ ದೂರದಲ್ಲಿ ಸಮುದ್ರ ಸೇರುತ್ತದೆ.

ತುಮಕೂರಿನವರು ದೇವರಾಯನದುರ್ಗಕ್ಕೆ ಹೋದರೆ ಇದನ್ನೇ ಚಿಕ್ಕದಾಗಿ ನೋಡಬಹುದು. ಜಯಮಂಗಲಿಯೂ ಅಲ್ಲೇ ಹುಟ್ಟುತ್ತದೆ, ಶಿಂಷಾ ನದಿಯೂ ಅಲ್ಲೇ. ಜಯಮಂಗಲಿ ಉತ್ತರ ಪಿನಾಕಿನಿಗೆ, ಶಿಂಷಾ ಕಾವೇರಿಗೆ. ಶಿರಾ ಕಡೆಯ ಸುವರ್ಣಮುಖಿಯ ನೀರು ವೇದಾವತಿ ಸೇರಿ ಕೊನೆಗೆ ಕೃಷ್ಣೆಗೆ. ಒಂದೇ ಜಿಲ್ಲೆ, ಮೂರು ದೊಡ್ಡ ಜಲಾನಯನ. ಡಿಸಿ ಒಬ್ಬರೇ ಆದರೂ ನೀರಿಗೆ ಅದು ಗೊತ್ತಿಲ್ಲ.

ರಾಜ್ಯದ ಗಡಿಯೂ ಗೊತ್ತಿಲ್ಲ. ಗೊತ್ತಿರುವುದು ನಮಗೆ. 1892ರಲ್ಲಿ ಮದ್ರಾಸ್ ಮತ್ತು ಮೈಸೂರು ಸರ್ಕಾರಗಳ ನಡುವೆ ಒಂದು ಒಪ್ಪಂದ ಆಯಿತು. ಅದರಲ್ಲಿ ಪಟ್ಟಿ ಮಾಡಿದ ನದಿಗಳಿಗೆ ಮದ್ರಾಸಿನ ಒಪ್ಪಿಗೆ ಇಲ್ಲದೆ ಮೈಸೂರು ಹೊಸ ಜಲಾಶಯ ಕಟ್ಟುವಂತಿರಲಿಲ್ಲ. ಪಾಲಾರ್ ಕೂಡ ಆ ಪಟ್ಟಿಯಲ್ಲಿತ್ತು. ಜಲಾನಯನದ ಮೇಲ್ತುದಿಯಲ್ಲಿ ಇರುವವರಿಗೂ ಕೆಳತುದಿಯಲ್ಲಿ ಇರುವವರಿಗೂ ಇರುವ ನಂಟು ಇಂಥದ್ದು. ಮೇಲಿನವರು ಏನು ಮಾಡಿದರೂ ಕೆಳಗಿನವರಿಗೆ ತಾಗುತ್ತದೆ.

ಜಲಾನಯನ ಅಂದರೆ ದೊಡ್ಡ ನದಿಗೆ ಮಾತ್ರ ಇರುವಂಥದ್ದು ಅಂದುಕೊಳ್ಳಬೇಡಿ. ಒಂದು ಹಳ್ಳಕ್ಕೂ ಇದೆ, ಒಂದು ಕುಂಟೆಗೂ ಇದೆ. ಕುಂಟೆಯದು ಕೆರೆಯದರ ಒಳಗೆ, ಕೆರೆಯದು ನದಿಯದರ ಒಳಗೆ, ಪಾತ್ರೆಯೊಳಗೆ ಪಾತ್ರೆ ಇಟ್ಟ ಹಾಗೆ. ನಮ್ಮ ಹಿಂದಿನವರು ಇದನ್ನು ಪುಸ್ತಕ ಇಲ್ಲದೇ ಓದಿಕೊಂಡಿದ್ದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅದರ ಕೋಡಿ ಇನ್ನೂ ಕೆಳಗಿನದಕ್ಕೆ. ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ಸಣ್ಣದು ದೊಡ್ಡದು ಸೇರಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆ. ಊರ ಹೆಸರುಗಳನ್ನೇ ನೋಡಿ. ಸಾಗರ, ಸಂದ್ರ, ಕುಂಟೆ, ಕೆರೆ. ಮಳೆ ವರ್ಷಕ್ಕೆ 700 ಮಿ.ಮೀ. ಆಸುಪಾಸು ಬೀಳುವ ಸೀಮೆಯಲ್ಲಿ ಇಷ್ಟೊಂದು ಸಾಗರ!

700 ಮಿ.ಮೀ. ಕಡಿಮೆ ಅನ್ನಿಸುತ್ತದೆ. ಒಂದು ಲೆಕ್ಕ ಹಾಕಿ. ಒಂದು ಎಕರೆ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ಹತ್ತಿರ ಹತ್ತಿರ ಒಂದು ಟ್ಯಾಂಕರ್. ಒಂದು ಚದರ ಕಿಲೋಮೀಟರ್ ನೆಲಕ್ಕೆ ವರ್ಷಕ್ಕೆ 700 ಮಿ.ಮೀ. ಅಂದರೆ 70 ಕೋಟಿ ಲೀಟರ್. ಎಲ್ಲವೂ ಕೆರೆಗೆ ಬರುವುದಿಲ್ಲ. ಹೆಚ್ಚಿನ ಪಾಲು ನೆಲಕ್ಕೆ ಇಂಗುತ್ತದೆ, ಗಿಡ ಕುಡಿಯುತ್ತದೆ, ಬಿಸಿಲಿಗೆ ಹೋಗುತ್ತದೆ. ಉಳಿದದ್ದು ಹರಿಯುತ್ತದೆ. ಆ ಉಳಿದದ್ದರ ಮೇಲೇ ಊರುಗಳು ನಿಂತಿದ್ದವು. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಾಂದ್ರತೆ ಚದರ ಕಿಲೋಮೀಟರಿಗೆ 319. ಕೋಲಾರ ಜಿಲ್ಲೆಯದು 386. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆಯಲ್ಲಿ ರಾಜ್ಯದ ಸರಾಸರಿಗಿಂತ ಹೆಚ್ಚು ಜನ. ಬೆಂಗಳೂರು ಪಕ್ಕದಲ್ಲಿದೆ, ಕೆಜಿಎಫ್ ಇತ್ತು, ಅದೆಲ್ಲ ಸರಿ. ಆದರೆ ಆ ಚಿನ್ನದ ಗಣಿಗಳಿಗೂ ನೀರು ಹೋಗುತ್ತಿದ್ದದ್ದು ಪಾಲಾರಿನ ಬೇತಮಂಗಲ ಕೆರೆಯಿಂದಲೇ ಅಲ್ವಾ?

ಈಗ ನಮ್ಮೂರ ಕೆರೆಯ ಕಥೆ. ಕೆಲವು ವರ್ಷದ ಹಿಂದೆ ಹೂಳೆತ್ತಿಸಿದರು. ಜೆಸಿಬಿ ಬಂತು, ಟ್ರ್ಯಾಕ್ಟರ್‌ಗಳು ಸಾಲುಗಟ್ಟಿದವು, ಗೋಡುಮಣ್ಣನ್ನು ಜನ ಹೊಲಕ್ಕೆ ಹೊಡೆದುಕೊಂಡರು. ಕೆರೆ ಒಳ್ಳೇ ಬಾಣಲೆ ಥರ ಆಯಿತು. ಆ ವರ್ಷ ಮಳೆಯೂ ಪರವಾಗಿಲ್ಲ. ಆದರೆ ಕೆರೆಯಲ್ಲಿ ನಿಂತದ್ದು ಮೊಣಕಾಲುದ್ದ ನೀರು. ಅಪ್ಪ ಏರಿ ಮೇಲೆ ನಿಂತು, "ಬಾಣಲೆ ತೊಳೆದಿಟ್ರೆ ಆಯ್ತಾ, ಎಣ್ಣೆ ಯಾರು ಹುಯ್ಯೋದು?" ಅಂದರು. ನಾವಿಬ್ಬರೂ ಕಾಲುವೆ ಹಿಡಿದು ಮೇಲಕ್ಕೆ ನಡೆದೆವು. ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ಹೊಸ ರಸ್ತೆ ಅಡ್ಡ ಬಂತು. ಅದರ ಅಡಿಯಲ್ಲಿ ಮೋರಿ ಇಡುವುದನ್ನೇ ಮರೆತಿದ್ದರು. ರಸ್ತೆಯ ಆಚೆ ಕಾಲುವೆಯ ಗುರುತೂ ಇರಲಿಲ್ಲ, ಲೇಔಟಿನ ಕಲ್ಲು ನೆಟ್ಟಿದ್ದರು. ಅದಕ್ಕೂ ಮೇಲೆ ನೀಲಗಿರಿ ತೋಪು. ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು, ಆದರೆ ಹಳೇ ತೋಪುಗಳು ಎಲ್ಲಿಗೆ ಹೋಗುತ್ತವೆ? ಕೆರೆ ಚೆನ್ನಾಗೇ ಇತ್ತು. ಕೆಟ್ಟಿದ್ದು ಅದರ ಜಲಾನಯನ.

2021ರ ನವೆಂಬರಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಮಳೆ ಬಿಡದೆ ಸುರಿಯಿತು. ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಹರಿದವು. ಆಗ ನಮ್ಮೂರಿನಲ್ಲಿ ನೀರು ಆ ಹೊಸ ರಸ್ತೆಯನ್ನೇ ಕೊಯ್ದುಕೊಂಡು, ಲೇಔಟಿನ ಕಲ್ಲುಗಳನ್ನು ಉರುಳಿಸಿಕೊಂಡು, ಹಳೇ ದಾರಿಯಲ್ಲೇ ಕೆರೆಗೆ ಬಂತು. ಆಮೇಲೆ ರಸ್ತೆ ರಿಪೇರಿ ಮಾಡುವಾಗ ಮೋರಿ ಇಟ್ಟರು.

ರೈತರಿಗೆ ಈ ಪದ ಬೇರೆ ದಾರಿಯಲ್ಲೂ ಪರಿಚಯ. ಜಲಾನಯನ ಅಭಿವೃದ್ಧಿ ಇಲಾಖೆ ಅಂತಲೇ ಇತ್ತಲ್ಲ. "ವಾಟರ್‌ಶೆಡ್‌ನೋರು ಬಂದಿದ್ರು" ಅಂದರೆ ಬದು ಹಾಕಿಸುವುದು, ಕೃಷಿಹೊಂಡ, ಚೆಕ್ ಡ್ಯಾಂ ಅಂತ ಅರ್ಥ. ಆ ಕೆಲಸ ದಿನ್ನೆಯಿಂದ ಶುರುವಾಗಿ ಕೆಳಕ್ಕೆ ಇಳಿಯಬೇಕು ಅನ್ನುವುದು ನಿಯಮ. ಮೇಲೆ ಓಡುವ ನೀರನ್ನು ನಡೆಸಿದರೆ ಕೆಳಗೆ ಅದು ಮಣ್ಣು ಕೊಚ್ಚುವುದಿಲ್ಲ.

ಇಳಿಜಾರು ಒಪ್ಪದಿದ್ದರೆ ಪಂಪ್ ಹಾಕುವ ಕಾಲ ಇದು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ತನ್ನ ಪಾಡಿಗೆ ಹರಿದರೆ ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. 2018ರಿಂದ ಅಲ್ಲಿನ ಕೊಳಚೆ ನೀರನ್ನು ಸಂಸ್ಕರಿಸಿ, ಪೈಪಿನಲ್ಲಿ ದಿನ್ನೆ ಹತ್ತಿಸಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ತರುತ್ತಿದ್ದಾರೆ. ನಾವು ಕೆಸಿ ವ್ಯಾಲಿ ನೀರು ಅನ್ನುವುದು ಇದನ್ನೇ. ಅದು ಇನ್ನೂ ಒಂದು ಹಂತ ಶುದ್ಧ ಆಗಬೇಕು ಅನ್ನುವವರ ಮಾತು ನನಗೂ ಸರಿ ಅನ್ನಿಸುತ್ತದೆ. ಆದರೆ ಒಂದು ವಿಷಯ ನೋಡಿ. ಲಕ್ಷ್ಮೀಸಾಗರದ ತನಕ ಕರೆಂಟು ಬೇಕು. ಅಲ್ಲಿಂದ ಮುಂದೆ ಕೆರೆಯಿಂದ ಕೆರೆಗೆ ನೀರು ಇಳಿಜಾರಿನಲ್ಲೇ ಹೋಗುತ್ತದೆ. ಹಳಬರು ಕಟ್ಟಿದ ಸರಪಳಿ ಇನ್ನೂ ಕೆಲಸ ಮಾಡುತ್ತಿದೆ. ಎತ್ತಿನಹೊಳೆಯದು ಇದಕ್ಕಿಂತ ದೊಡ್ಡ ದಿನ್ನೆ. ಪಶ್ಚಿಮಕ್ಕೆ ಹರಿಯುವ ನೇತ್ರಾವತಿಯ ಹಳ್ಳಗಳ ನೀರನ್ನು ಸಕಲೇಶಪುರದಲ್ಲಿ ಎತ್ತಿ, ಘಟ್ಟದ ನೆತ್ತಿ ದಾಟಿಸಿ ನಮ್ಮ ಕಡೆ ತರುವ ಯೋಜನೆ. ಕಾಗದದ ಮೇಲೆ 24.01 ಟಿಎಂಸಿ. ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆ ಆಯಿತು.

ಇಷ್ಟು ಹೊತ್ತಿಗೆ ಹುಡುಗ ಎದ್ದು ಹೋಗಿಬಿಟ್ಟಿದ್ದ. ಬೇಜಾರಾಯಿತೇನೋ ಅಂದುಕೊಂಡೆ. ನೋಡಿದರೆ ಬೀದಿಯ ಚರಂಡಿಯಲ್ಲಿ ಒಂದು ಬೇವಿನೆಲೆ ಬಿಟ್ಟು ಅದರ ಹಿಂದೆ ಹೊರಟಿದ್ದಾನೆ. ಹಾಲಿನ ಡೇರಿ ದಾಟಿ, ಹೊಸ ಮೋರಿಯ ಹತ್ತಿರ ಹೋಗಿ, ವಾಪಸ್ ಬಂದ. ರಾತ್ರಿ ಅವನ ನೋಟ್‌ಬುಕ್ ತೆರೆದು ನೋಡಿದೆ. ಪುಸ್ತಕದ ವ್ಯಾಖ್ಯೆ ನೀಟಾಗಿ ಬರೆದಿತ್ತು. ಅದರ ಕೆಳಗೆ ಪೆನ್ಸಿಲ್ಲಿನಲ್ಲಿ ಇನ್ನೊಂದು ಸಾಲು: "ಉದಾಹರಣೆ: ನಮ್ಮ ಮನೆ. ಮುಂದಿನ ಹೆಂಚು ಪಾಲಾರ್ ನದಿಗೆ, ಹಿಂದಿನ ಹೆಂಚು ತೆಂಗಿನ ಮರಕ್ಕೆ."