ಒಂದು ಅಗುಳು ಸಾಲದು

ಬಳ್ಳಾರಿ ಕಡೆಯ ಯಾವುದೇ ಆಸ್ಪತ್ರೆಯ ಬಾಗಿಲಲ್ಲಿ ನಿಂತು "ಡಾಕ್ಟ್ರು ಹೆಂಗ ನೋಡಿದ್ರು?" ಅಂತ ಕೇಳಿ. "ಚಲೋ ನೋಡ್ಯಾರ್ರಿ" ಅನ್ನುತ್ತಾರೆ. ಬೇಸರವಿದ್ದರೆ ಅದೂ ಬಹುಪಾಲು ಒಂದೇ: "ಸೂಜಿ ಮಾಡ್ಲಿಲ್ರಿ." ನೆಗಡಿಗೆ ಸೂಜಿ ಬೇಡವೆಂದವರು ಕೆಟ್ಟವರು, ಸುಸ್ತಿಗೆ ಗ್ಲೂಕೋಸ್ ಬಾಟಲಿ ಏರಿಸಿದವರು ದೇವರು! ಇದನ್ನೇ ತೋರಿಸಿ, ರೋಗಿಗಳ ಅಭಿಪ್ರಾಯ ಕೇಳುವುದೇ ದಂಡ ಎನ್ನುವ ವೈದ್ಯರಿದ್ದಾರೆ. ಕೆಟ್ಟಿರುವುದು ಪ್ರಶ್ನೆ. ಮೆಚ್ಚುಗೆ ಬಿಟ್ಟು ನಡೆದದ್ದನ್ನು ಕೇಳಿ: ನಿಮ್ಮ ಮಾತು ಮುಗಿಯುವ ತನಕ ಕೇಳಿದರಾ? ಮಾತ್ರೆ ಊಟಕ್ಕೆ ಮುಂಚೆಯೋ ನಂತರವೋ ಹೇಳಿದರಾ? 1984ರ ಅಮೆರಿಕದ ಅಧ್ಯಯನವೊಂದರಲ್ಲಿ ವೈದ್ಯರು ಸರಾಸರಿ 18 ಸೆಕೆಂಡಿಗೇ ರೋಗಿಯ ಮಾತಿಗೆ ಅಡ್ಡ ಬಂದಿದ್ದರು.

ಅನ್ನ ಬೆಂದಿದೆಯೋ ನೋಡಲು ಒಂದು ಅಗುಳು ಹಿಚುಕಿದರೆ ಸಾಕು, ಏಕೆಂದರೆ ಇಡೀ ಗಡಿಗೆ ಒಂದೇ ಬೆಂಕಿಯಲ್ಲಿ ಕುದಿದಿದೆ. ರೋಗಿಗಳು ಹಾಗಲ್ಲ. ಒಬ್ಬರಿಗೆ ಹಲ್ಲುನೋವು, ಒಬ್ಬರಿಗೆ ಬಸ್ ತಪ್ಪುವ ಆತಂಕ. ಸಿಂಧನೂರಿನ ಭತ್ತದ ವ್ಯಾಪಾರಿ ಒಂದೇ ಚೀಲ ನೋಡಿ ಲಾರಿಗೆ ರೇಟು ಕಟ್ಟುತ್ತಾನೆಯೇ? ಹತ್ತಾರು ಚೀಲಕ್ಕೆ ಕೊಳವೆ ಚುಚ್ಚುತ್ತಾನೆ. ಬ್ರಿಟನ್ನಿನಲ್ಲಿ 2012ರ ಡಿಸೆಂಬರಿನಿಂದ ವೈದ್ಯರು ಐದು ವರ್ಷಕ್ಕೊಮ್ಮೆಯಾದರೂ ರೋಗಿಗಳ, ಸಹೋದ್ಯೋಗಿಗಳ ಅಭಿಪ್ರಾಯ ಸಂಗ್ರಹಿಸಲೇಬೇಕು. ವೈದ್ಯರ ನೋಂದಣಿ ನೋಡಿಕೊಳ್ಳುವ ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್‌ನ ಪ್ರಶ್ನಾವಳಿಯಿಂದ ನಂಬಬಹುದಾದ ಉತ್ತರ ಬರಲು ಸಿಕ್ಕ ಲೆಕ್ಕ ಕನಿಷ್ಠ 34 ರೋಗಿಗಳು, 15 ಸಹೋದ್ಯೋಗಿಗಳು. ಒಬ್ಬರ ಮಾತಿನ ಏರುಪೇರು 34 ಮಂದಿಯ ಸರಾಸರಿಯಲ್ಲಿ ಸುಮಾರು ಆರನೇ ಒಂದು ಪಾಲಿಗೆ ಇಳಿಯುತ್ತದೆ (34ರ ವರ್ಗಮೂಲ 5.8). ಅದನ್ನು ಮತ್ತೆ ಅರ್ಧ ಮಾಡಬೇಕೆಂದರೆ 136 ಜನ ಬೇಕು. ಅಷ್ಟು ದುಡಿಮೆ ದಂಡವೇ.

ಆದರೆ ಸರಾಸರಿ ಏರುಪೇರನ್ನು ತೊಳೆಯುತ್ತದೆ, ಪಕ್ಷಪಾತವನ್ನಲ್ಲ. ವೈದ್ಯರೇ ಪ್ರಶ್ನೆಗಳ ಚೀಟಿ ಹಂಚಿದರೆ ನಗುಮುಖದವರಿಗಷ್ಟೇ ಸಿಗುತ್ತದೆ. ಸರದಿಯಲ್ಲಿ ಬಂದವರಿಗೆಲ್ಲ, ಔಷಧಿ ಕೌಂಟರ್ ದಾಟಿದ ಮೇಲೆ, ಆ ವಿಭಾಗಕ್ಕೆ ಸಂಬಂಧವಿಲ್ಲದವರು ಕೊಡಬೇಕು. ಓದಲು ಬಾರದವರಿಗೆ ಓದಿ ಹೇಳಬೇಕು, ಗಡಿಯೂರಿನವರಿಗೆ ತೆಲುಗಿನಲ್ಲಿ.

ಸಹೋದ್ಯೋಗಿಗಳೆಂದರೆ ಗೆಳೆಯ ವೈದ್ಯರಷ್ಟೇ ಅಲ್ಲ. ವೈದ್ಯರು ಬರೆಯುವ ಔಷಧಿ ಚೀಟಿಯ ಅಕ್ಷರ ಎಂಥದ್ದೆಂದು ಫಾರ್ಮಸಿಯವರಿಗೆ ಗೊತ್ತು, ರಾತ್ರಿ ಎರಡಕ್ಕೆ ಅವರು ಫೋನ್ ಎತ್ತುತ್ತಾರೋ ಇಲ್ಲವೋ ಸಿಸ್ಟರ್‌ಗೆ ಗೊತ್ತು. ವಾರ್ಡಿನಲ್ಲಿರುವುದೇ ಮೂವರು ಸಿಸ್ಟರ್ ಆದರೆ ಹೆಸರಿಲ್ಲದ ಉತ್ತರದ ಚೀಟಿಯೂ ಅಕ್ಷರದಿಂದಲೇ ಸಿಕ್ಕಿಬೀಳುತ್ತದೆ. ಉತ್ತರಗಳನ್ನು ಟೈಪ್ ಮಾಡಿಸಿ, ಒಟ್ಟುಗೂಡಿಸಿಯೇ ಕೊಡಬೇಕು.

ಅಂಕಪಟ್ಟಿಯನ್ನು ವೈದ್ಯರ ಕೈಗಿತ್ತು ಸುಮ್ಮನಾದರೆ ಕೆಲಸ ಕೆಡಲೂಬಹುದು. ವಿವಿಧ ಕೆಲಸಗಳಲ್ಲಿ ಹಿಮ್ಮಾಹಿತಿಯ (ಫೀಡ್‌ಬ್ಯಾಕ್) 607 ಪರಿಣಾಮಗಳನ್ನು ಒಟ್ಟುಗೂಡಿಸಿದ 1996ರ ವಿಶ್ಲೇಷಣೆಯಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಸಲ ಸಾಧನೆ ಇಳಿದಿತ್ತು. "ನಾನು ಕೆಟ್ಟ ಡಾಕ್ಟರಾ?" ಎಂಬ ಕೊರಗು ಹತ್ತಿದರೆ ಗಮನ ಕೆಲಸದಿಂದ ತನ್ನ ಕಡೆಗೆ ಸರಿಯುತ್ತದೆ. ಹಿರಿಯರೊಬ್ಬರು ಜೊತೆ ಕೂತು ಒಂದೇ ಒಂದು ಬದಲಾವಣೆ ಗೊತ್ತುಮಾಡಬೇಕು. ಉದಾಹರಣೆಗೆ, ಔಷಧಿ ಚೀಟಿ ಕೈಗೆ ಕೊಡುವ ಮುಂಚೆ ಒಂದು ಮಾತು: "ಯಮ್ಮಾ, ಈ ಮಾತ್ರೆ ಮನ್ಯಾಗ ಹೆಂಗ ತಗೊಂತಿ, ನೀನ ಒಮ್ಮೆ ಹೇಳು." ಕೆಲವು ತಿಂಗಳ ಬಳಿಕ ಬೇರೆ 34 ಜನರಿಗೆ ಅದೇ ಪ್ರಶ್ನಾವಳಿ.